ಮನೆಯ ಮಾತು: ಕಿಟಕಿ ಎಷ್ಟು ಎತ್ತರದಲ್ಲಿರಬೇಕು?

ಗೋಡೆ ಮೊಣಕಾಲೆತ್ತರ ಏರಿದ ದಿನ ಗೌಂಡಿಯು ಕರಣಿಯನ್ನು ಕೆಳಗಿಟ್ಟು, ಮನೆ ಕಟ್ಟಿಸುವ ಯಜಮಾನನತ್ತ ತಿರುಗಿ ಒಂದು ಮಾತು ಕೇಳುತ್ತಾನೆ.

“ಕಿಡಕಿ ಎಷ್ಟರ ಮ್ಯಾಲ ಕುಂದ್ರಸ್ಲಿ, ಸಾಹುಕಾರ್ರ?”

ಯಜಮಾನನ ತಲೆಯಲ್ಲಿ ಆಗ ಸಿಮೆಂಟಿನ ಲೆಕ್ಕ, ಉಸುಕಿನ ಲೆಕ್ಕ, ಬ್ಯಾಂಕಿನ ಕಂತಿನ ಲೆಕ್ಕ ತುಂಬಿರುತ್ತವೆ. “ಎಲ್ಲಾರ ಮನ್ಯಾಗ ಎಷ್ಟರ ಮ್ಯಾಲ ಕುಂದ್ರಸ್ತೀ, ಅಷ್ಟರ ಮ್ಯಾಲ ಕುಂದ್ರಸಪಾ” ಎಂದು ಹೇಳಿ ಅವನು ಮುಂದಿನ ಕೆಲಸಕ್ಕೆ ಹೋಗುತ್ತಾನೆ. ಗೌಂಡಿ ಎಲ್ಲ ಕೋಣೆಗಳಿಗೂ ಮೂರು ಅಡಿಯ ಮೇಲೆ ಕಿಟಕಿಯ ಚೌಕಟ್ಟನ್ನು ನಿಲ್ಲಿಸುತ್ತಾನೆ. ಅರ್ಧ ನಿಮಿಷದ ಈ ಮಾತುಕತೆಯಲ್ಲಿ ಆ ಮನೆಯ ಮುಂದಿನ ಐವತ್ತು ವರ್ಷಗಳ ಗಾಳಿ, ಬೆಳಕು, ನೋಟ ಮೂರೂ ತೀರ್ಮಾನವಾಗಿಬಿಡುತ್ತವೆ.

ಗೃಹಪ್ರವೇಶವಾಗಿ ತಿಂಗಳು ಕಳೆದ ಮೇಲೆ ಅದರ ಪರಿಣಾಮ ಕಾಣತೊಡಗುತ್ತದೆ. ಹಳೆಯ ಮನೆಯ ಕಟ್ಟೆಯ ಮೇಲೆ ಕುಳಿತು ಓಣಿಯ ಹೋಗುಬರವುಗಳನ್ನು ನೋಡುತ್ತಿದ್ದ ವೃದ್ಧ ತಾಯಿ ಹೊಸ ಮನೆಯ ಕೋಣೆಯಲ್ಲಿ ಚಾಪೆಯ ಮೇಲೆ ಕೂರುತ್ತಾಳೆ. ಆಕೆಯ ಕಣ್ಣು ನೆಲದಿಂದ ಎರಡೂಕಾಲು ಅಡಿಯ ಮೇಲಿದೆ. ಕಿಟಕಿ ಮೂರು ಅಡಿಯ ಮೇಲೆ ಮೊದಲಾಗುತ್ತದೆ. ಆಕೆಗೆ ಕಾಣುವುದು ಎದುರಿನ ಮನೆಯ ನೀರಿನ ಟಾಕಿ ಮತ್ತು ಒಂದು ತುಂಡು ಆಕಾಶ. “ಮನಿ ಚಂದ ಐತಿ, ಆದರ ವ್ಯಾಳೆ ಹೋಗವಲ್ದು” ಎಂದು ಆಕೆ ಹೇಳಿದರೆ, ಮಗನಿಗೆ ಅದು ವೃದ್ಧಾಪ್ಯದ ಗೊಣಗಾಟವೆಂದು ತೋರುತ್ತದೆ. ನಿಜವಾಗಿ ಅದು ಒಂಬತ್ತು ಅಂಗುಲದ ಪ್ರಶ್ನೆ.

ಹಿರಿಯರ ಮನೆಗಳಿಗೆ ಕಿಟಕಿ ಏಕಿರಲಿಲ್ಲ?

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಹಳೆಯ ಓಣಿಗಳಲ್ಲಿ ಇಂದಿಗೂ ಉಳಿದಿರುವ ಮಾಳಿಗೆ ಮನೆಗಳನ್ನೂ ವಾಡೆಗಳನ್ನೂ ನೋಡಿದವರಿಗೆ ಒಂದು ಸಂಗತಿ ಕೂಡಲೆ ಎದ್ದು ಕಾಣುತ್ತದೆ. ಬೀದಿಯ ಕಡೆಯ ಗೋಡೆಯಲ್ಲಿ ತಲೆಬಾಗಿಲೊಂದನ್ನು ಬಿಟ್ಟರೆ ದೊಡ್ಡ ತೆರಪುಗಳು ವಿರಳ. ಇದ್ದರೂ ತಲೆಗಿಂತ ಎತ್ತರದಲ್ಲಿ, ಕೈ ತೂರುವಷ್ಟು ಅಗಲದ ಗೂಡುಗಳು. ಹಿರಿಯರಿಗೆ ಗಾಳಿಬೆಳಕಿನ ಬೆಲೆ ತಿಳಿದಿರಲಿಲ್ಲವೆಂದು ಇದರಿಂದ ಭಾವಿಸುವುದು ತಪ್ಪು. ಕಳ್ಳಕಾಕರ ಭಯವಿದ್ದ ಕಾಲದಲ್ಲಿ ಬೀದಿಗೆ ತೆರೆದ ಕಿಟಕಿ ಒಂದು ಅಪಾಯವೇ ಆಗಿತ್ತು. ಎರಡು ಮೂರು ಅಡಿ ದಪ್ಪದ ಕಲ್ಲು–ಮಣ್ಣಿನ ಗೋಡೆಗಳು ಏಪ್ರಿಲ್, ಮೇ ತಿಂಗಳ ಬಿಸಿಲನ್ನು ಹಗಲೆಲ್ಲ ಹೊರಗೇ ತಡೆದು ನಿಲ್ಲಿಸುತ್ತಿದ್ದವು. ಅವುಗಳಲ್ಲಿ ತೂತು ಕೊರೆದಷ್ಟೂ ಬಿಸಿಗಾಳಿಗೆ ದಾರಿ.

ಬೆಳಕಿಗೆ ಅವರು ಬೇರೊಂದು ದಾರಿಯನ್ನು ಕಂಡುಕೊಂಡಿದ್ದರು. ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ದೊಡ್ಡ ವಾಡೆಯಾದರೆ ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಪಡಸಾಲೆ. ಗೋಡೆಯ ಕಿಟಕಿಯಿಂದ ಬರುವ ಬೆಳಕಿಗಿಂತ ನೆತ್ತಿಯಿಂದ ಇಳಿಯುವ ಬೆಳಕು ಹೆಚ್ಚು ಪ್ರಖರ. ಆದ್ದರಿಂದ ಒಂದು ಮೊಳ ಅಗಲದ ಕಿಂಡಿಯೇ ನಡುಮನೆಗೆ ಸಾಕಾಗುತ್ತಿತ್ತು. ಒಲೆಯ ಹೊಗೆ ಮತ್ತು ಬಿಸಿಯಾದ ಗಾಳಿ ಮೇಲೇರಿ ಅದೇ ಕಿಂಡಿಯಿಂದ ಹೊರಗೆ ಹೋಗುತ್ತಿದ್ದವು. ಅದರ ಜಾಗಕ್ಕೆ ತಲೆಬಾಗಿಲಿನಿಂದ ತಂಪು ಗಾಳಿ ಬರುತ್ತಿತ್ತು.

ಮೇಲಿನಿಂದ ಬೆಳಕನ್ನು ಇಳಿಸುವ ಈ ಕಲೆ ಈ ಸೀಮೆಗೆ ಹೊಸದಲ್ಲ. ಕಾಗವಾಡ ತಾಲ್ಲೂಕಿನ ಗಡಿಗೆ ಸಮೀಪದಲ್ಲಿ, ಮಹಾರಾಷ್ಟ್ರದ ಶಿರೋಳ ತಾಲ್ಲೂಕಿಗೆ ಸೇರಿದ ಖಿದ್ರಾಪುರವೆಂಬ ಊರು ಕೃಷ್ಣೆಯ ದಂಡೆಯ ಮೇಲಿದೆ. ಅಲ್ಲಿ 12ನೆಯ ಶತಮಾನದಲ್ಲಿ ಶಿಲಾಹಾರರ ಕಾಲದಲ್ಲಿ ಬೆಳೆದ ಕೋಪೇಶ್ವರ ದೇವಾಲಯದ ಸ್ವರ್ಗಮಂಟಪಕ್ಕೆ ಮಾಡಿನ ನಡುಭಾಗವೇ ಇಲ್ಲ. ಕಂಬಗಳು ಒಂದು ದೊಡ್ಡ ಕಲ್ಲಿನ ಬಳೆಯನ್ನು ಹೊತ್ತು ನಿಂತಿವೆ. ಬಳೆಯೊಳಗಿಂದ ಆಕಾಶ ಕಾಣುತ್ತದೆ. ಶಿಲ್ಪಿ ದೇವರ ಮನೆಗೆ ಮಾಡಿದ್ದನ್ನು ಬಡವನ ಗೌಂಡಿ ಮಣ್ಣಿನ ಮಾಳಿಗೆಯಲ್ಲಿ ಒಂದು ಮೊಳದ ಅಳತೆಯಲ್ಲಿ ಮಾಡಿದ.

ಹೊಸ ಮನೆ ಕಳೆದುಕೊಂಡದ್ದು

ಕಾಂಕ್ರೀಟಿನ ಸ್ಲ್ಯಾಬು ಬಂದ ಮೇಲೆ ಬೆಳಕಿಂಡಿ ಮುಚ್ಚಿತು. ಮೂವತ್ತು–ನಲವತ್ತರ ನಿವೇಶನದಲ್ಲಿ ನಡುಅಂಗಳಕ್ಕೆ ಎಡೆಯಿಲ್ಲವಾಯಿತು. ಗೋಡೆ ಒಂಬತ್ತು ಅಂಗುಲಕ್ಕೆ ಇಳಿಯಿತು. ಹೀಗೆ ಮಾಳಿಗೆ, ಅಂಗಳ, ದಪ್ಪ ಗೋಡೆ ಇವು ಮೂರೂ ಹಂಚಿಕೊಂಡು ಮಾಡುತ್ತಿದ್ದ ಕೆಲಸವೆಲ್ಲ ಕಿಟಕಿಯೊಂದರ ಹೆಗಲಿಗೆ ಬಿತ್ತು. ಅದು ಬೆಳಕು ಕೊಡಬೇಕು, ಗಾಳಿ ತರಬೇಕು, ಬಿಸಿಯನ್ನು ಹೊರಹಾಕಬೇಕು, ಮಳೆಯನ್ನು ತಡೆಯಬೇಕು, ಕಳ್ಳನನ್ನು ದೂರವಿಡಬೇಕು, ನೆರೆಯವರ ದೃಷ್ಟಿಯಿಂದ ಮನೆಯ ಮರ್ಯಾದೆಯನ್ನೂ ಕಾಯಬೇಕು. ಇಷ್ಟು ಹೊಣೆಯುಳ್ಳದ್ದನ್ನು “ಎಲ್ಲರ ಮನೆಯಂತೆ” ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಉಚಿತವಲ್ಲ.

ಕಿಟಕಿ ಎಷ್ಟು ದೊಡ್ಡದಿರಬೇಕೆಂಬುದಕ್ಕೆ ಒಂದು ಸುಲಭ ಲೆಕ್ಕವುಂಟು. ಬಾಗಿಲನ್ನು ಬಿಟ್ಟು, ಕಿಟಕಿಗಳ ಒಟ್ಟು ವಿಸ್ತೀರ್ಣ ಒಣ ಬಿಸಿಲಿನ ಸೀಮೆಯಲ್ಲಿ ಕೋಣೆಯ ನೆಲದ ಹತ್ತರಲ್ಲೊಂದು ಪಾಲಿಗೂ, ತೇವದ ಬಿಸಿ ಸೀಮೆಯಲ್ಲಿ ಆರರಲ್ಲೊಂದು ಪಾಲಿಗೂ ಕಡಿಮೆಯಿರಬಾರದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಹತ್ತು–ಹನ್ನೆರಡು ಅಡಿಯ ಕೋಣೆಗೆ ಇದು 12 ಚದರಡಿಯಿಂದ 20 ಚದರಡಿಯವರೆಗೆ ಆಗುತ್ತದೆ. ಸಹ್ಯಾದ್ರಿಗೆ ಹತ್ತಿರವಿರುವ ನಿಪ್ಪಾಣಿಯಲ್ಲಿ ಮಳೆ ಹೆಚ್ಚು. ಪೂರ್ವಕ್ಕೆ ಅಥಣಿಯತ್ತ ಸರಿದಂತೆ ಮಳೆ ಇಳಿದು ಬಿಸಿಲು, ಧೂಳು ಏರುತ್ತವೆ. ನಿಪ್ಪಾಣಿಯವರು ಈ ಲೆಕ್ಕದ ಹೆಚ್ಚಿನ ಕಡೆಗೂ ಅಥಣಿಯವರು ಕಡಿಮೆಯ ಕಡೆಗೂ ಒಲಿದರೆ ತಪ್ಪಾಗದು. ಒಂದು ಎಚ್ಚರಿಕೆ: ಈಗ ಎಲ್ಲೆಡೆ ಕಾಣುವ, ಪಕ್ಕಕ್ಕೆ ಜಾರುವ ಅಲ್ಯೂಮಿನಿಯಂ ಕಿಟಕಿ ಒಮ್ಮೆಗೆ ಅರ್ಧ ಮಾತ್ರ ತೆರೆಯುತ್ತದೆ. ನಾಲ್ಕು ಅಡಿ ಅಗಲದ ಕಿಟಕಿಗೆ ಹಣ ಕೊಟ್ಟವನು ಎರಡು ಅಡಿಯ ಗಾಳಿಯನ್ನು ಪಡೆಯುತ್ತಾನೆ. ಸೊಳ್ಳೆಯ ಜಾಲರಿ ಸೇರಿದರೆ ಅದರಲ್ಲಿಯೂ ಒಂದು ಪಾಲು ಹೋಗುತ್ತದೆ. ಕಬ್ಬಿನ ಗದ್ದೆ, ಕಾಲುವೆಗಳ ನಡುವಿನ ಊರುಗಳಲ್ಲಿ ಜಾಲರಿಯನ್ನು ಬಿಡುವಂತಿಲ್ಲ. ಆದ್ದರಿಂದ ಕದಗಳು ಪೂರ್ತಿ ತೆರೆಯುವಂತಿರುವುದೇ ಮೇಲು.

ಎತ್ತರ: ಕೂರುವವರನ್ನು ಕೇಳಿ

ಕಿಟಕಿಯ ತಳಮಟ್ಟವನ್ನು ನಿಶ್ಚಯಿಸುವುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಕೋಣೆಯಲ್ಲಿ ಯಾರು, ಹೇಗೆ ಕೂರುತ್ತಾರೆ? ಗಾಳಿ ಕಿಟಕಿಯ ಮಟ್ಟದಲ್ಲಿ ಒಳಗೆ ಬಂದು ಬಹುಮಟ್ಟಿಗೆ ಅದೇ ಮಟ್ಟದಲ್ಲಿ ಹಾಯುತ್ತದೆ. ಕಿಟಕಿ ಮೂರೂವರೆ ಅಡಿಯ ಮೇಲಿದ್ದರೆ, ನಿಂತವನ ಮುಖಕ್ಕೆ ಗಾಳಿ ಬಡಿಯುತ್ತಿದ್ದಾಗಲೂ ನೆಲದ ಮೇಲೆ ಮಲಗಿದ ಮಗು ಬೆವರುತ್ತಿರುತ್ತದೆ. ಭಾರತೀಯ ಮಾನಕ ಸಂಸ್ಥೆಯ ಸೂಚನೆಗಳು ಈ ಲೆಕ್ಕಕ್ಕಾಗಿ ಕುರ್ಚಿಯಲ್ಲಿ ಕೂರುವವರಿಗೆ 75 ಸೆಂಟಿಮೀಟರ್, ಮಂಚದ ಮೇಲೆ ಕೂರುವವರಿಗೆ 60, ನೆಲದ ಮೇಲೆ ಕೂರುವವರಿಗೆ 40 ಸೆಂಟಿಮೀಟರ್ ಮಟ್ಟವನ್ನು ಹಿಡಿದು, ಕಿಟಕಿಯ ತಳ ಆ ಮಟ್ಟಕ್ಕಿಂತಲೂ ತುಸು ಕೆಳಗಿರಲೆಂದು ಹೇಳುತ್ತವೆ. ಅಡಿಯ ಲೆಕ್ಕದಲ್ಲಿ ಇವು ಎರಡೂವರೆ ಅಡಿ, ಎರಡು ಅಡಿ, ಹದಿನಾರು ಅಂಗುಲ.

ನಿಪ್ಪಾಣಿಯವರಿಗೆ ಈ ಕೊನೆಯ ಅಳತೆ ವಿಶೇಷವಾಗಿ ಸಲ್ಲುತ್ತದೆ. ತಂಬಾಕಿನ ವ್ಯಾಪಾರಕ್ಕೆ ಹೆಸರಾದ ಆ ಊರಿನಲ್ಲಿಯೂ ಸುತ್ತಮುತ್ತಲ ಹಳ್ಳಿಗಳಲ್ಲಿಯೂ ಬೀಡಿ ಕಟ್ಟುವ ಹೆಣ್ಣುಮಕ್ಕಳು ತೊಡೆಯ ಮೇಲೆ ಮೊರವನ್ನಿಟ್ಟುಕೊಂಡು ಗಂಟೆಗಟ್ಟಲೆ ನೆಲದ ಮೇಲೆ ಕೂರುತ್ತಾರೆ. ಕಿಟಕಿ ಎತ್ತರದಲ್ಲಿದ್ದರೆ ಅದರ ಕೆಳಗಿನ ಗೋಡೆಯ ನೆರಳು ಅವರ ಕೈಯ ಮೇಲೆ ಬೀಳುತ್ತದೆ. ತಂಬಾಕಿನ ಧೂಳು ಉಸಿರಾಡುವ ಮಟ್ಟದಲ್ಲಿಯೇ ನಿಲ್ಲುತ್ತದೆ. ಬೇರೆ ದಾರಿಯಿಲ್ಲದೆ ಅವರು ಹೊಸ್ತಿಲ ಬಳಿ ಸರಿದು ಕೂರುತ್ತಾರೆ. ಕೆಲಸದ ಮಗ್ಗುಲಲ್ಲಿ ಒಂದೂಕಾಲು ಅಡಿಯಿಂದ ಮೊದಲಾಗುವ ಕಿಟಕಿಯೊಂದು, ಎದುರು ಗೋಡೆಯಲ್ಲಿ ಗಾಳಿ ಹೊರಹೋಗಲು ಎತ್ತರದ ಇನ್ನೊಂದು ತೆರಪು, ಇಷ್ಟಿದ್ದರೆ ಅವರ ಕಣ್ಣಿಗೂ ಎದೆಗೂ ಎಷ್ಟೋ ಹಿತವಾಗುತ್ತದೆ.

ತಗ್ಗಿನ ಕಿಟಕಿಯೆಂದರೆ ಗೃಹಿಣಿಯರಿಗೆ ಎರಡು ಭಯಗಳುಂಟು. ಒಂದು, ಮಗು ಹತ್ತಿ ಬಿದ್ದೀತೆಂಬುದು; ಇನ್ನೊಂದು, ಬೀದಿಯವರ ಕಣ್ಣು. ಮೊದಲನೆಯದಕ್ಕೆ ನಾಲ್ಕು ಅಂಗುಲಕ್ಕಿಂತ ಹೆಚ್ಚು ಎಡೆಯಿಲ್ಲದ ಗಟ್ಟಿ ಸರಳುಗಳೇ ಉತ್ತರ. ಅಟ್ಟದ ಮೇಲಿನ ಕೋಣೆಯಲ್ಲಂತೂ ಸರಳಿಲ್ಲದ ತಗ್ಗು ಕಿಟಕಿ ಸರ್ವಥಾ ಕೂಡದು. ಎರಡನೆಯದಕ್ಕೆ ಹಳೆಯ ಬಡಿಗರು ಕೊಟ್ಟ ಉತ್ತರ ಇಂದಿಗೂ ಹಳತಾಗಿಲ್ಲ: ಮೇಲೊಂದು ಜೋಡಿ, ಕೆಳಗೊಂದು ಜೋಡಿ, ಹೀಗೆ ನಾಲ್ಕು ಕದಗಳ ಕಿಟಕಿ. ಮಧ್ಯಾಹ್ನ ಮಲಗುವಾಗ ಕೆಳಗಿನ ಜೋಡಿಯನ್ನು ಮುಚ್ಚಿದರೆ ಮರೆ. ಮೇಲಿನ ಜೋಡಿ ತೆರೆದಿದ್ದರೆ ಬೆಳಕು. ಸಂಜೆ ಎರಡನ್ನೂ ತೆರೆದರೆ ಗಾಳಿ.

ಕಿಟಕಿಯ ತಲೆ ಎಷ್ಟು ಎತ್ತರಕ್ಕಿರಬೇಕೆಂಬುದೂ ಅಷ್ಟೇ ಮುಖ್ಯ. ತಳ ಗಾಳಿಯನ್ನೂ ನೋಟವನ್ನೂ ನಿರ್ಣಯಿಸಿದರೆ, ತಲೆ ಬೆಳಕನ್ನು ನಿರ್ಣಯಿಸುತ್ತದೆ. ಕಿಟಕಿಯ ತಲೆ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಸುಮಾರು ಅದರ ಎರಡರಷ್ಟು ದೂರದವರೆಗೆ ಓದುವಷ್ಟು ಬೆಳಕು ಒಳಗೆ ಹೋಗುತ್ತದೆಂಬುದು ಅನುಭವದ ಲೆಕ್ಕ. ಏಳು ಅಡಿಯ ಲಿಂಟಲ್ ಇದ್ದರೆ ಹದಿನಾಲ್ಕು ಅಡಿ. ಕಿಟಕಿಯನ್ನು ಆರಡಿಗೇ ನಿಲ್ಲಿಸಿದರೆ ಹನ್ನೆರಡು ಅಡಿ. ಕೋಣೆಯ ಹಿಂದಿನ ಮೂಲೆಯಲ್ಲಿ ಹಗಲು ಹನ್ನೆರಡು ಗಂಟೆಗೆ ದೀಪ ಹಾಕಬೇಕಾಗುವ ಮನೆಗಳಲ್ಲಿ ಬಹುಶಃ ಈ ಒಂದಡಿಯೇ ಕಾರಣ.

ದಿಕ್ಕು: ಸೂರ್ಯನ ಲೆಕ್ಕ

ಈ ಐದೂ ತಾಲ್ಲೂಕುಗಳು ಸುಮಾರು ಹದಿನಾರೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಮೇ ತಿಂಗಳ ಮೊದಲ ವಾರದಲ್ಲಿಯೂ ಆಗಸ್ಟಿನ ಮೊದಲ ವಾರದಲ್ಲಿಯೂ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಅವುಗಳ ನಡುವಿನ ದಿನಗಳಲ್ಲಿ ತುಸು ಉತ್ತರಕ್ಕೆ ವಾಲುತ್ತಾನೆ. ಡಿಸೆಂಬರಿನ ಕೊನೆಯಲ್ಲಿ ದಕ್ಷಿಣಕ್ಕೆ ಸರಿದು, ಮಧ್ಯಾಹ್ನದಲ್ಲಿಯೂ ಐವತ್ತು ಡಿಗ್ರಿಯಷ್ಟೇ ಏರುತ್ತಾನೆ.

ಇದರಿಂದ ತೆಂಕಣ ಕಿಟಕಿಗೆ ಒಂದು ಭಾಗ್ಯ ದೊರೆಯುತ್ತದೆ. ಎರಡು ಅಡಿ ಚಾಚಿದ ಛಜ್ಜಾ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಮಧ್ಯಾಹ್ನ ತನ್ನ ಕೆಳಗೆ ಆರೂವರೆ ಅಡಿಗೂ ಹೆಚ್ಚು ಗೋಡೆಗೆ ನೆರಳು ಕೊಡುತ್ತದೆ. ನಾಲ್ಕೂವರೆ ಅಡಿಯ ಕಿಟಕಿ ಪೂರ್ತಿ ತಂಪಾಗಿರುತ್ತದೆ. ಅದೇ ಛಜ್ಜಾ ಡಿಸೆಂಬರಿನಲ್ಲಿ ಎರಡೂವರೆ ಅಡಿಗಿಂತ ಕಡಿಮೆ ನೆರಳು ಕೊಡುವುದರಿಂದ, ಉಳಿದ ಎರಡು ಅಡಿಯ ಮೂಲಕ ಚಳಿಗಾಲದ ಎಳೆಬಿಸಿಲು ಒಳಗೆ ಬರುತ್ತದೆ. ಬೇಡದ ಕಾಲದಲ್ಲಿ ಬಿಸಿಲನ್ನು ತಡೆದು, ಬೇಕಾದ ಕಾಲದಲ್ಲಿ ಒಳಗೆ ಬಿಡುವ ಈ ಕೆಲಸಕ್ಕೆ ಯಂತ್ರವೂ ಬೇಡ, ವಿದ್ಯುತ್ತೂ ಬೇಡ. ದಕ್ಷಿಣಕ್ಕೆ ಕಿಟಕಿಯೇ ಕೂಡದೆಂದು ಹಟ ಹಿಡಿಯುವ ಮನೆಗಳು ಈ ಲೆಕ್ಕವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು.

ಪಡುವಣ ಕಿಟಕಿಗೆ ಈ ಭಾಗ್ಯವಿಲ್ಲ. ಸಂಜೆಯ ಸೂರ್ಯ ತಗ್ಗಿನಿಂದ ನೇರವಾಗಿ ಒಳಗೆ ನುಗ್ಗುವುದರಿಂದ ಛಜ್ಜಾ ಎಷ್ಟು ಚಾಚಿದರೂ ಪ್ರಯೋಜನ ಅಲ್ಪ. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿ ಬೀಸುವುದೂ ಪಶ್ಚಿಮ, ನೈಋತ್ಯಗಳಿಂದಲೇ. ಮಳೆಯ ಇರಿಚಲು ಬಡಿಯುವುದೂ ಅತ್ತಲಿಂದಲೇ. ಆದ್ದರಿಂದ ಪಶ್ಚಿಮದ ಗೋಡೆಯನ್ನು ಪೂರ್ತಿ ಮುಚ್ಚದೆ, ಕಿರಿದಾದ ಕಿಟಕಿಯೊಂದನ್ನು ಗಟ್ಟಿಯಾದ ಮರದ ಕದಗಳೊಡನೆ ಇಡುವುದು ಜಾಣತನ. ಗಾಜಿನ ಕದ ಬಿಸಿಲನ್ನು ಒಳಗೆ ಬಿಟ್ಟು ಕೂಡಿಹಾಕುತ್ತದೆ. ಮರದ ಕದ ಹೊರಗೇ ನಿಲ್ಲಿಸುತ್ತದೆ. ಬಡಗಣ ಕಿಟಕಿ ಓದುವ ಮಕ್ಕಳಿಗೆ ಅತ್ಯುತ್ತಮ: ವರ್ಷದ ಬಹುಕಾಲ ನೇರ ಬಿಸಿಲಿಲ್ಲದ ಸಮನಾದ ಬೆಳಕು.

ಒಂದು ಮಾತನ್ನು ಮರೆಯಬಾರದು. ಗಾಳಿ ಒಳಗೆ ಬರಬೇಕಾದರೆ ಹೊರಗೆ ಹೋಗುವ ದಾರಿಯೂ ಇರಬೇಕು. ಒಂದೇ ಗೋಡೆಯಲ್ಲಿ ಎರಡು ದೊಡ್ಡ ಕಿಟಕಿಗಳನ್ನಿಟ್ಟು ಗಾಳಿಯಿಲ್ಲವೆಂದು ಕೊರಗುವವರು, ಎದುರು ಗೋಡೆಯಲ್ಲಿ ಒಂದು ಸಣ್ಣ ಕಿಟಕಿಯಿಟ್ಟು ನೋಡಬೇಕು. ನಿವೇಶನದ ಎರಡು ಪಕ್ಕಗಳಲ್ಲಿಯೂ ನೆರೆಮನೆಗಳಿದ್ದರೆ ಒಳಬಾಗಿಲುಗಳ ಮೇಲೆ ತೆರಪುಗಳನ್ನು ಬಿಟ್ಟು, ಮುಂದಿನ ಕಿಟಕಿಯಿಂದ ಹಿತ್ತಿಲಿನವರೆಗೆ ಗಾಳಿಗೆ ದಾರಿ ಮಾಡಬಹುದು. ಮೆಟ್ಟಿಲ ಮೇಲಿನ ಸ್ಲ್ಯಾಬಿನಲ್ಲಿ ಸುತ್ತ ತೆರಪುಳ್ಳ ಒಂದು ಸಣ್ಣ ಗೂಡನ್ನು ಎತ್ತಿದರೆ, ಅಜ್ಜನ ಬೆಳಕಿಂಡಿ ಹೊಸ ರೂಪದಲ್ಲಿ ಮರಳಿ ಬಂದಂತೆಯೇ.

ಅಡುಗೆಮನೆ

ಅಡುಗೆಮನೆಯ ಕಟ್ಟೆ ಎರಡು ಅಡಿ ಹತ್ತು ಅಂಗುಲದಷ್ಟಿರುವುದರಿಂದ ಕಿಟಕಿಯ ತಳ ಮೂರೂವರೆ ಅಡಿಗೆ ಏರುವುದು ಅನಿವಾರ್ಯ. ಆದರೆ ಒಲೆಯನ್ನು ಕಿಟಕಿಯ ನೇರಕ್ಕೆ ಇಡಬಾರದು. ಗಾಳಿಗೆ ಉರಿ ಚದರುತ್ತದೆ, ಪರದೆಗೆ ಬೆಂಕಿ ತಾಗುವ ಭಯವೂ ಉಂಟು. ಪಾತ್ರೆ ತೊಳೆಯುವ ಜಾಗ ಕಿಟಕಿಯ ಮುಂದಿರಲಿ, ಒಲೆ ಮಗ್ಗುಲಲ್ಲಿರಲಿ. ಹೊಗೆಯೂ ಒಗ್ಗರಣೆಯ ಘಾಟೂ ಮೇಲೇರುವುದರಿಂದ ಮಾಡಿನ ಹತ್ತಿರ ಒಂದು ವೆಂಟಿಲೇಟರ್ ಬೇಕು. ಅಡುಗೆ ಅನಿಲದ ಸ್ವಭಾವ ಇದಕ್ಕೆ ತೀರ ವಿರುದ್ಧ. ಅದು ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಮೇಲಿನ ಕಿಟಕಿಯೊಂದನ್ನೇ ತೆರೆದಿಟ್ಟು ಅನಿಲ ಹೋಯಿತೆಂದು ನಂಬುವುದು ಅಪಾಯಕರ. ಆದ್ದರಿಂದ ಸಿಲಿಂಡರ್ ಇರುವ ಕಡೆ ನೆಲಮಟ್ಟದಲ್ಲಿ ಹೊರಗಿನ ಗೋಡೆಗೆ ಒಂದು ಜಾಲರಿಯ ತೆರಪನ್ನು ಬಿಡಿಸುವುದು ಅವಶ್ಯ. ಇಟ್ಟಿಗೆ ಕಟ್ಟುವಾಗ ಅದಕ್ಕೆ ತಗಲುವ ವೆಚ್ಚ ಬಹು ಅಲ್ಪ.

ಹೊಳೆಯ ದಂಡೆಯ ಮನೆಗಳು

2005, 2019 ಮತ್ತು 2021ರಲ್ಲಿ ಕೃಷ್ಣೆಯೂ ಅವಳ ಉಪನದಿಗಳಾದ ದೂಧಗಂಗಾ, ವೇದಗಂಗಾಗಳೂ ಉಕ್ಕಿ ಬಂದ ನೆನಪು ಈ ಸೀಮೆಯ ದಂಡೆಯ ಊರುಗಳಲ್ಲಿ ಇನ್ನೂ ಆರಿಲ್ಲ. ಮಣ್ಣಿನ ಗೋಡೆಗಳು ಕುಸಿದ ಕಡೆ ಮತ್ತೆ ಮನೆ ಕಟ್ಟುವವರು ಕಿಟಕಿಯ ವಿಷಯದಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಕಿಟಕಿಯನ್ನು ಮೂಲೆಗೆ ತೀರ ಹತ್ತಿರ ತರಬಾರದು. ಮೂಲೆಯೇ ಗೋಡೆಯ ಬಲ. ಎರಡು ಅಡಿಯಾದರೂ ಗಟ್ಟಿ ಗೋಡೆ ಉಳಿದಿರಲಿ, ಬಾಗಿಲು ಕಿಟಕಿಗಳ ತಲೆ ಒಂದೇ ಮಟ್ಟದಲ್ಲಿದ್ದು ಅವುಗಳ ಮೇಲೆ ಮನೆಯ ಸುತ್ತ ಒಂದೇ ಕಾಂಕ್ರೀಟಿನ ಪಟ್ಟಿ ಹಾಯಲಿ. ಎರಡನೆಯದಾಗಿ, ನೀರು ಇಳಿದ ಮೇಲೆ ಗೋಡೆ ಒಣಗಬೇಕಾದರೆ ಎದುರುಬದುರು ತೆರಪುಗಳು ಬೇಕು. ಇಲ್ಲವಾದರೆ ಬೂಸು ತಿಂಗಳುಗಟ್ಟಲೆ ಬಿಡುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕಳ್ಳರ ಭಯಕ್ಕೆ ಪ್ರತಿಯೊಂದು ಕಿಟಕಿಗೂ ಕಬ್ಬಿಣದ ಗ್ರಿಲ್ಲನ್ನು ಗೋಡೆಗೇ ಹೂತು ಕೂರಿಸುವುದು ಇಂದಿನ ವಾಡಿಕೆ. ರಾತ್ರಿಯಲ್ಲಿ ನೀರು ಏರಿ ತಲೆಬಾಗಿಲು ಒತ್ತಡಕ್ಕೆ ಸಿಕ್ಕಿಕೊಂಡರೆ, ಅಥವಾ ಅಡುಗೆಮನೆಯಲ್ಲಿ ಬೆಂಕಿ ಹೊತ್ತಿಕೊಂಡರೆ, ಅಂಥ ಮನೆ ತನ್ನ ಮಕ್ಕಳಿಗೇ ಪಂಜರವಾಗುತ್ತದೆ. ಮಲಗುವ ಕೋಣೆಯ ಒಂದು ಕಿಟಕಿಯಾದರೂ ಒಬ್ಬ ಮನುಷ್ಯ ದಾಟುವಷ್ಟು ಅಗಲವಿದ್ದು, ಅದರ ಗ್ರಿಲ್ ತಿರುಗಣಿಯ ಮೇಲೆ ತೆರೆಯುವಂತಿರಬೇಕು, ಚಿಲಕ ಒಳಗಿರಬೇಕು, ಬೀಗ ಹಾಕಿದ್ದರೆ ಅದರ ಕೀಲಿಕೈ ಎಲ್ಲಿದೆಯೆಂಬುದು ಮನೆಯ ಚಿಕ್ಕ ಮಗುವಿಗೂ ಗೊತ್ತಿರಬೇಕು.

ನೆರೆಯವರು

ಪಕ್ಕದ ನಿವೇಶನದ ಕಡೆಗೆ ಕಿಟಕಿ ಇಡುವವರು ಕಾನೂನಿನ ಒಂದು ಮಾತನ್ನು ತಿಳಿದಿದ್ದರೆ ಮುಂದಿನ ಜಗಳ ತಪ್ಪೀತು. 1882ರ ಈಸ್‌ಮೆಂಟ್ ಕಾಯ್ದೆಯಂತೆ, ಕಿಟಕಿಯ ಮೂಲಕ ಬರುವ ಗಾಳಿಬೆಳಕನ್ನು ಇಪ್ಪತ್ತು ವರ್ಷ ತಡೆಯಿಲ್ಲದೆ ಅನುಭವಿಸಿದ ಮನೆಗೆ ಅದರ ಮೇಲೆ ಹಕ್ಕು ಹುಟ್ಟುತ್ತದೆ. ಅಷ್ಟು ಕಾಲ ಕಳೆಯುವುದಕ್ಕೆ ಮೊದಲೇ ನೆರೆಯವನು ತನ್ನ ಜಾಗದಲ್ಲಿ ಗೋಡೆ ಎತ್ತಿದರೆ ಬೆಳಕು ಹೋದಂತೆಯೇ. ಆದ್ದರಿಂದ ಪುರಸಭೆ ಹೇಳಿದಷ್ಟು ಜಾಗವನ್ನು ತನ್ನ ಎಲ್ಲೆಯೊಳಗೆ ಬಿಟ್ಟು ಕಿಟಕಿ ತೆರೆಯುವವನೇ ಸುಖಿ. ಪರರ ಖಾಲಿ ಜಾಗವನ್ನು ನಂಬಿ ಇಟ್ಟ ಕಿಟಕಿ ಸಾಲದ ಬೆಳಕಿದ್ದಂತೆ. ಒಂದು ದಿನ ಹಿಂದಿರುಗಿಸಲೇಬೇಕು.

ಸುಣ್ಣದ ಗೆರೆ

ಇಷ್ಟೆಲ್ಲ ಲೆಕ್ಕಗಳ ಕೊನೆಗೆ ಒಂದು ಸುಲಭೋಪಾಯವಿದೆ. ಅದಕ್ಕೆ ಎಂಜಿನಿಯರರ ನಕಾಶೆಯೂ ಬೇಡ. ಪಾಯ ತುಂಬಿ ನೆಲ ಗಟ್ಟಿಯಾದ ಮೇಲೆ, ಗೋಡೆ ಏಳುವ ಮೊದಲು, ಮನೆಯವರೆಲ್ಲ ಒಂದು ಸಂಜೆ ಅಲ್ಲಿಗೆ ಹೋಗಬೇಕು. ಯಾರು ಎಲ್ಲಿ ಕೂರುವರೋ ಅಲ್ಲಿ ಕೂರಬೇಕು: ಅವ್ವ ಚಾಪೆಯ ಮೇಲೆ, ಓದುವ ಮಗ ಕುರ್ಚಿಯ ಮೇಲೆ, ಸೊಸೆ ಕಟ್ಟೆ ಬರುವ ಜಾಗದಲ್ಲಿ ನಿಲ್ಲಬೇಕು. ಪ್ರತಿಯೊಬ್ಬರ ಪಕ್ಕದಲ್ಲಿ ಒಂದು ಬಿದಿರಗಳುವನ್ನು ನಿಲ್ಲಿಸಿ ಕಣ್ಣಿನ ಮಟ್ಟಕ್ಕೆ ಸುಣ್ಣದ ಗೆರೆ ಎಳೆಯಬೇಕು. ಕಿಟಕಿಯ ತಳ ಆ ಗೆರೆಗಿಂತ ಮುಕ್ಕಾಲು ಅಡಿಯಾದರೂ ಕೆಳಗಿರಲಿ.

ಅಂದು ಗೌಂಡಿ ತಿರುಗಿ, “ಕಿಡಕಿ ಎಷ್ಟರ ಮ್ಯಾಲ ಕುಂದ್ರಸ್ಲಿ, ಸಾಹುಕಾರ್ರ?” ಎಂದು ಕೇಳಿದರೆ ಯಜಮಾನನಿಗೆ ಉತ್ತರ ಹುಡುಕುವ ಕಷ್ಟವಿರುವುದಿಲ್ಲ.

“ನಮ್ಮವ್ವಗ ಓಣಿ ಕಾಣೋ ಹಂಗ ಕುಂದ್ರಸಪಾ. ಗಳದ ಮ್ಯಾಲ ಗೆರಿ ಐತಿ, ನೋಡ್ಕೊ.”